ವಿಲೀ ಪೋಸ್ಟನ ಕಡೆಯ ಹಾರಾಟ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ವೈಮಾನಿಕರಲ್ಲಿ ವಿಲೀ ಪೋಸ್ಟನಷ್ಟು ಖ್ಯಾತಿವೆತ್ತವರು 1935ರಲ್ಲಿ ವಿರಳವಾಗಿದ್ದರು. ಬಡ ರೈತನ ಮಗನಾಗಿ ಹುಟ್ಟಿದ ಈತನು ಎಣ್ಣೆಯ ಬಾವಿಗಳಲ್ಲಿ ದುಡಿಯುತ್ತಿದ್ದಾಗ, 1926ರಲ್ಲಿ ಕಬ್ಬಿಣದ ಚೂರೊಂದು ಸಿಡಿದು ಎಡಗಣ್ಣನ್ನು ಕಳೆದುಕೊಂಡನು. ಪರಿಹಾರವಾಗಿ ಬಂದ ಹಣದಲ್ಲಿ ಆತನು ಕೊಂಡುದು ಒಂದು ಹಳೆಯ ವಿಮಾನವನ್ನು! ಒಂದೇ ಕಣ್ಣಿನಿಂದ ದೂರವನ್ನು ಅಳೆಯುವುದನ್ನು ಬಹು ಪ್ರಯಾಸದಿಂದ ಅಭ್ಯಾಸಮಾಡಿ, 1931ರಲ್ಲಿ ಹೆರಾಲ್ಡ್ ಗ್ಯಾಟಿಯೊಡನೆ ‘ವಿನ್ನಿ ಮೇ’ ಎಂಬ ವಿಮಾನದಲ್ಲಿ 9 ದಿನಗಳೊಳಗಾಗಿ ಭೂಪ್ರದಕ್ಷಿಣೆಯನ್ನು ಮುಗಿಸಿದನು. 1933ರಲ್ಲಿ ಅದೇ ಕಾರ್ಯವನ್ನು ಒಬ್ಬನೇ ಮಾಡಿ, 8 ದಿನಗಳೂ ತುಂಬುವ ಮೊದಲೇ ಹಿಂತಿರುಗಿದನು. ಒಂಟಿಯಾಗಿ ಲೋಕವನ್ನು ಸುತ್ತಿಬಂದ ವೈಮಾನಿಕರಲ್ಲಿ ಆತನೇ ಮೊದಲಿಗನು.

ಇಂತಹ ಕುಶಲನು ನೀರಿನಿಂದ ಕೊಂಚವೇ ಮೇಲೆದ್ದು, ಮರುಕ್ಷಣದಲ್ಲಿಯೇ ಬಿದ್ದು ಸತ್ತುದು ಹೇಗೆ?

1935ರಲ್ಲಿ ಪೋಸ್ಟನು, ಅಮೆರಿಕೆಯ ಪಶ್ಚಿಮ ತೀರದಿಂದ ಅಲಾಸ್ಕದ ಮೂಲಕ ರಷ್ಯಕ್ಕೆ ಟಪ್ಪಾಲನ್ನೂ ಪ್ರಯಾಣಿಕರನ್ನೂ ಒಯ್ಯುವ ವಾಯುಮಾರ್ಗವನ್ನು ಪರೀಕ್ಷಿಸಬೇಕೆಂದಿದ್ದನು. ಅದಕ್ಕಾಗಿ ಆತನು ಸಿದ್ಧಪಡಿಸಿದ ವಿಮಾನವು ಪುರಾಣದ ನರಸಿಂಹನಂತೆ ಎರಡು ದೇಹಗಳ ಜೋಡಣೆ. ಒಡಲು ಲಾಕ್‌ಹೀಡ್ ಕಾರ್ಖಾನೆಯ ‘ಓರಿಯನ್’ ವಿಮಾನದ್ದು. ರೆಕ್ಕೆ ಅದೇ ಕಾರ್ಖಾನೆಯ ‘ಎಕ್ಸ್‌ಪ್ಲೋರರ್’ ವಿಮಾನದ್ದು. ಮುಂದುಗಡೆ 550 ಅಶ್ವಶಕ್ತಿಯ ಎಂಜಿನು. ಈ ಎರಡನ್ನೂ ಬೆಸೆಯುವುದು ಅಪಾಯವೆಂದು ಕಾರ್ಖಾನೆಯವರು ಆ ಕೆಲಸಕ್ಕೆ ಒಪ್ಪಲಿಲ್ಲ. ಪೋಸ್ಟನು ಬೇರೆಯವರಿಂದ ಮಾಡಿಸಿದನು. ಅಲಾಸ್ಕದ ಸರೋವರಗಳಲ್ಲಿ ಇಳಿಯಬೇಕಾದುದರಿಂದ ಗಾಲಿಗಳ ಬದಲು ತೇಲುದೋಣಿಗಳನ್ನು ಕಟ್ಟಬೇಕಾಗಿತ್ತು. ತರಿಸಿದ್ದ ದೋಣಿಗಳು ಸಿಯಾಟಲಿಗೆ ಸಕಾಲದಲ್ಲಿ ಬಾರದಿರಲು, ಇನ್ನೂ ದೊಡ್ಡ ವಿಮಾನವೊಂದಕ್ಕೆಂದು ಮಾಡಿದ್ದ ಭಾರವಾದ ಜೋಡಿಯನ್ನೇ ಅಳವಡಿಸಲಾಯಿತು. ಮೊದಲೇ ಮೂತಿಭಾರವಾಗಿದ್ದ ವಿಮಾನವು ಮತ್ತಷ್ಟು ಮುಂದಕ್ಕೆ ಬಾಗಿತು.

ನಮ್ಮ ಕಡೆಯ ಗಾಡಿಯವನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮುಂಭಾರವಾದ ಗಾಡಿಯ ನೊಗವು ಎತ್ತುಗಳ ಹೆಗಲನ್ನು ಅಮುಕುತ್ತದೆ. ಎತ್ತುಗಳು ಬಲವಾಗಿರುವವರೆಗೆ ಗಾಡಿ ಸಾಗುತ್ತದೆ, ಅವು ಮುಗ್ಗರಿಸಿದರೆ ಮೂಕಿ ನೆಲಕ್ಕೆ ನಾಟುತ್ತದೆ. ವಿಮಾನದಲ್ಲಿ ಮೂತಿಯನ್ನು ಎತ್ತಿಹಿಡಿಯುವುದು ಬಾಲದ ಪಟ. ಆ ಪಟಕ್ಕೆ ಬಲವು ಬರುವುದು ಅದರ ಮೇಲೆ ಹಾಯುವ ಗಾಳಿಯಿಂದ. ನಿಧಾನವಾಗಿ ಹಾರುವಾಗ ಆ ಗಾಳಿಯನ್ನು ಬಹುಮಟ್ಟಿಗೆ ಒದಗಿಸುವುದು ಎಂಜಿನಿನ ಮುಂದೆ ತಿರುಗುವ ಪ್ರೊಪೆಲ್ಲರು. ಎಂಜಿನು ನಿಂತರೆ ಗಾಳಿಯೂ ಕುಂದಿ, ಮೂತಿಯು ಕೆಳಗೆ ಬೀಳುತ್ತದೆ. ಎತ್ತರವಿದ್ದರೆ, ಬೀಳುವ ವೇಗದಿಂದಲೇ ಬಾಲಕ್ಕೆ ಮತ್ತೆ ಹಿಡಿತ ದೊರೆಯುವುದುಂಟು. ನೀರಿಗೆ ಸಮೀಪದಲ್ಲಿ ಅದಕ್ಕೆ ಎಡೆಯೆಲ್ಲಿ?

ಜೊತೆಗೆ ಬಂದವನು ವಿಲ್ ರೋಜರ್ಸ್. ಚೆರೋಕಿ ವಂಶದ ಈ ವಿನೋದಿಯು ಹಗ್ಗದ ಚಮತ್ಕಾರಗಳಿಂದ ಆರಂಭಿಸಿ, ನಾಟಕ, ಚಲಚ್ಚಿತ್ರ, ಪತ್ರಿಕಾಲೇಖನಗಳಿಂದ ಅಮೆರಿಕೆಯ ಮನೆಮನೆಗೂ ಬೇಕಾದವನಾಗಿದ್ದನು. ಪೋಸ್ಟನು ವಿಮಾನವನ್ನು ನಡೆಸುತ್ತಿರಲು ಈತನು ಒಳಗೆ ಕುಳಿತು ಟೈಪ್‌ರೈಟರಿನಲ್ಲಿ ತನ್ನ ಲೇಖನಗಳನ್ನು ಬರೆಯುತ್ತಿದ್ದನು.

ಆಗಸ್ಟ್ 15ರಂದು ಇಬ್ಬರೂ ಫೇರ್‌ಬ್ಯಾಂಕ್ಸಿನಿಂದ ಆರ್ಕ್ಟಿಕ್ ಸಮುದ್ರದ ಅಂಚಿನಲ್ಲಿರುವ ಬ್ಯಾರೋ ಹಳ್ಳಿಗೆ ಹೊರಟರು. ಹವೆ ಕೆಟ್ಟು, ಮಂಜಿನಲ್ಲಿ ದಿಕ್ಕು ತಿಳಿಯದಾಯಿತು. ಬ್ಯಾರೋ ಸುಮಾರು 15 ಮೈಲಿ ಇರುವಂತೆ, ವಾಲಕ್ಪಾ ಎಂಬಲ್ಲಿ ಕಡಲ ಹಿನ್ನೀರಿನ ಮೇಲೆ ಇಳಿದರು. ದಡದಲ್ಲಿ ಬೀಡುಬಿಟ್ಟಿದ್ದ ಇನ್ಯುಪಿಯಾಕ್ ಜನರಿಂದ ದಾರಿಯನ್ನು ಕೇಳಿ ತಿಳಿದು, ಮತ್ತೆ ಮೇಲೆದ್ದರು. ಇನ್ನೂ ತಗ್ಗಿನಲ್ಲಿರುವಾಗಲೇ ಎಂಜಿನಿನ ಸದ್ದು ಅಡಗಿತು. ವಿಮಾನವು ಮೂತಿ ಕೆಳಗಾಗಿ ನೀರಿಗೆ ಅಪ್ಪಳಿಸಿತು. ಬಲರೆಕ್ಕೆ ಕಿತ್ತುಹೋಗಿ, ಒಡಲು ಮಗುಚಿಬಿದ್ದಿತು. ಆ ನೀರು ಹೆಚ್ಚು ಆಳವಾದುದಲ್ಲ. ಇಬ್ಬರೂ ಒಡನೆಯೇ ಮೃತರಾದರು.

ದಾರಿ ಹೇಳಿದ ಬೇಟೆಗಾರ ಕ್ಲೇರ್ ಓಕ್ಪಿಯಾಹನು ಕೂಗಿ ನೋಡಿದನು, ಉತ್ತರವಿಲ್ಲ. ಹುಲ್ಲು, ಕೆಸರು, ತೊರೆಗಳ ಆ ಬಯಲಿನಲ್ಲಿ ಬ್ಯಾರೋವಿನವರೆಗೂ ಓಡಿ ಸುದ್ದಿ ಮುಟ್ಟಿಸಿದವನು ಅವನೇ. ಲೋಕವು ಪೋಸ್ಟನ ವೇಗವನ್ನು ಗಂಟೆ ನಿಮಿಷಗಳಲ್ಲಿ ಲೆಕ್ಕವಿಟ್ಟಿದೆ. ಈ ಓಟವೂ ನೆನಪಿನಲ್ಲಿರತಕ್ಕದ್ದೇ. ಅಲ್ಲಿದ್ದ ಸೈನ್ಯದ ನಿಸ್ತಂತು ಕೇಂದ್ರದಿಂದ ಸಾರ್ಜೆಂಟ್ ಮಾರ್ಗನನು ಸುದ್ದಿಯನ್ನು ಹೊರಗೆ ಕಳುಹಿಸಿದನು. ಪೋಸ್ಟನ ಗೆಳೆಯನಾದ ವೈಮಾನಿಕ ಜೋ ಕ್ರಾಸನ್ನನು ಹಾರಿಬಂದು ಶವಗಳನ್ನು ಒಯ್ದನು.

ಎಂಜಿನು ನಿಂತುದಕ್ಕೆ ಕಾರ್ಬ್ಯುರೇಟರಿನಲ್ಲಿ ಕಟ್ಟಿದ ಹಿಮವೆಂದು ಕೆಲವರೂ, ಟ್ಯಾಂಕು ಬರಿದಾದುದೆಂದು ಕೆಲವರೂ ಊಹಿಸಿದ್ದಾರೆ. ಸರ್ಕಾರದ ತನಿಖೆಯವರು ಮುಖ್ಯವಾಗಿ ಹಿಡಿದುದು ಬೇರೆ ಸಂಗತಿಯನ್ನು: ಎಂಜಿನು ನಿಂತೊಡನೆ, ಮೂತಿಭಾರದ ದೆಸೆಯಿಂದ, ವಿಮಾನವು ವೈಮಾನಿಕನ ಹತೋಟಿಗೆ ಸಿಕ್ಕಲಿಲ್ಲ. ಈ ನಿರ್ಣಯವು ಯುಕ್ತವೆಂದೇ ತೋರುತ್ತದೆ. ಏಕೆಂದರೆ ಎಂಜಿನು ಕೈಕೊಡುವುದು ಆ ಕಾಲದ ವೈಮಾನಿಕರಿಗೆ ಅಪರೂಪವಲ್ಲ. ಅನೇಕರು ಅದನ್ನು ಎದುರಿಸಿ ಬದುಕಿದರು. ಫೇರ್‌ಬ್ಯಾಂಕ್ಸಿನವರೆಗೂ ಆ ಅಸಮ ಭಾರವನ್ನು ಹೊತ್ತು ತಂದುದು ಪೋಸ್ಟನ ಕೈಚಳಕವೇ. ವಿಮಾನದ ಕುಂದು ಅದರ ಮರೆಯಲ್ಲಿ ಅಡಗಿತ್ತು. ಬೇರೊಬ್ಬ ಅಳ್ಳೆದೆಯವನಾಗಿದ್ದರೆ ಸಿಯಾಟಲಿನಲ್ಲಿಯೇ ಸರಿಯಾದ ದೋಣಿಗಳಿಗಾಗಿ ಕಾದಿರುತ್ತಿದ್ದನೋ ಏನೋ.

‘ವಿನ್ನಿ ಮೇ’ ವಿಮಾನವು ಸ್ಮಿತ್‌ಸೋನಿಯನ್ ಸಂಗ್ರಹಾಲಯಕ್ಕೆ ಸೇರಿತು. 2016ರಲ್ಲಿ ಬ್ಯಾರೋ ತನ್ನ ಹಳೆಯ ಹೆಸರಾದ ಉತ್ಕಿಯಾಗ್ವಿಕ್ ಎಂಬುದನ್ನು ಮರಳಿ ಪಡೆಯಿತು. ಅಲ್ಲಿಯ ವಿಮಾನನಿಲ್ದಾಣಕ್ಕೆ ಮಾತ್ರ ಪೋಸ್ಟ್ ಮತ್ತು ರೋಜರ್ಸರ ಹೆಸರೇ ಉಳಿದಿದೆ.