ತಂದೆಯ ಹಳೆಯ ಸಾಲ ಮತ್ತು ನಾಲ್ಕು ಹಜ್ಜ್‌ಗಳ ಘೋಷಣೆ

ಮಂಡ್ಯದ ಮಗ್ಗುಲಲ್ಲಿರುವ ಹೊಳಲಿನಂತಹ ಊರುಗಳ ಬದುಕು ಕಬ್ಬು ಮತ್ತು ಭತ್ತವನ್ನು ನೆಚ್ಚಿಕೊಂಡಿದೆ. ಬೆಳೆಯ ದುಡ್ಡು ವರ್ಷಕ್ಕೊಂದೋ ಎರಡೋ ಬಾರಿ ಕೈಗೆ ಬರುತ್ತದೆ. ಖರ್ಚು ಮಾತ್ರ ದಿನವೂ ಇರುತ್ತದೆ. ಹೀಗಾಗಿ ಬೇಸಾಯ ಮಾಡುವವರ ಮನೆಯಿರಲಿ, ಸಂತೆಯ ವ್ಯಾಪಾರವನ್ನು ನಂಬಿದವರ ಮನೆಯಿರಲಿ, ಸಾಲವಿಲ್ಲದ ಮನೆ ಅಪರೂಪ. ಕೈಸಾಲ, ಪ್ರೋನೋಟಿನ ಸಾಲ, ಸೊಸೈಟಿಯ ಸಾಲ, ಸಂಘದ ಸಾಲ ಹೀಗೆ ಅದಕ್ಕೆ ಹಲವು ಹೆಸರು. ಮನೆಯ ಹಿರಿಯರು ತೀರಿಕೊಂಡಾಗ ಅವರ ಟ್ರಂಕಿನಲ್ಲಿ ಕೆಲವು ಕಾಗದಗಳು ಸಿಗುತ್ತವೆ, ಕೆಲವು ಸಿಗುವುದಿಲ್ಲ. ಹತ್ತು ಹನ್ನೆರಡು ವರ್ಷಗಳ ಬಳಿಕ ಅಪರಿಚಿತನೊಬ್ಬ ಬಾಗಿಲಿಗೆ ಬಂದು, "ನಿಮ್ಮ ತಂದೆಯವರ ಹೆಸರಿನಲ್ಲಿ ಬಾಕಿ ಇದೆ, ಬಡ್ಡಿ ಸೇರಿ ಇಷ್ಟಾಗಿದೆ" ಎನ್ನುತ್ತಾನೆ.

ಆಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಪ್ರತಿಕ್ರಿಯೆಗಳು ಕಾಣುತ್ತವೆ. ನೆರೆಹೊರೆಯವರ ಮುಂದೆ ಮಾನ ಹೋಗುತ್ತದೆಂದು ಹೆದರಿ, ಕಾಗದವನ್ನೂ ನೋಡದೆ ಹೆಂಡತಿಯ ಒಡವೆ ಅಡವಿಟ್ಟು ಹಣ ಕೊಟ್ಟುಬಿಡುವುದು ಒಂದು. ಸತ್ತವರೊಂದಿಗೆ ಲೆಕ್ಕವೂ ಸತ್ತಿತೆಂದು ಬಂದವನನ್ನು ಬೈದಟ್ಟುವುದು ಇನ್ನೊಂದು. ನಮ್ಮ ಪೂರ್ವಜರ ಇತಿಹಾಸದಲ್ಲಿ ಈ ಎರಡಕ್ಕೂ ಸಮರ್ಥನೆ ಸಿಗುವುದಿಲ್ಲ. ಅಲ್ಲಿ ಕಾಣುವ ದಾರಿ ಇವೆರಡಕ್ಕಿಂತ ಕಷ್ಟದ್ದು.

ಮೊದಲು ವಸೂಲಿಗೆ ಬಂದವನ ವಿಷಯ. ಪ್ರವಾದಿ ಮುಹಮ್ಮದ್(ಸ)ರಿಂದ ಒಬ್ಬನಿಗೆ ಒಂದು ಒಂಟೆ ಬರಬೇಕಿತ್ತು. ಅವನು ಬಂದು ಬಹಳ ಒರಟಾಗಿ ಕೇಳಿದ. ಅಲ್ಲಿದ್ದ ಸಹಾಬಿಗಳು ಸಿಟ್ಟಿಗೆದ್ದು ಅವನ ಮೇಲೆ ಕೈಮಾಡಲು ಹೊರಟರು. ಪ್ರವಾದಿಯವರು(ಸ) ಅವರನ್ನು ತಡೆದರು. ಹಕ್ಕುಳ್ಳವನಿಗೆ ಮಾತನಾಡುವ ಅಧಿಕಾರವಿದೆಯೆಂದು ತಿಳಿಸಿ, ಅವನಿಗೆ ಸಲ್ಲಬೇಕಾದ ಪ್ರಾಯದ ಒಂಟೆಯನ್ನು ಕೊಡಲು ಹೇಳಿದರು. ಅಂತಹದು ಸಿಗದೆ, ಅದಕ್ಕಿಂತ ಉತ್ತಮವಾದುದು ಮಾತ್ರ ಇದ್ದಾಗ ಅದನ್ನೇ ಕೊಡಿಸಿದರು. ಅಬೂ ಹುರೈರಾ(ರ) ವರದಿ ಮಾಡಿರುವ ಈ ಘಟನೆ ಬುಖಾರಿಯಲ್ಲಿದೆ. ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ: ಆ ಮನುಷ್ಯನ ಹಕ್ಕಿನ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಸಂಶಯವಿದ್ದ ಕಡೆ ಇಸ್ಲಾಮಿನ ನ್ಯಾಯವು ಹಕ್ಕು ಸಾಧಿಸುವವನಿಂದಲೇ ಪುರಾವೆ ಕೇಳುತ್ತದೆ. ಬರಿಯ ಬಾಯಿಮಾತಿಗೆ ಕೊಡುತ್ತ ಹೋದರೆ ಜನರು ಪರರ ಸೊತ್ತನ್ನೂ ಪ್ರಾಣವನ್ನೂ ಕೇಳತೊಡಗುವರೆಂದು ಪ್ರವಾದಿಯವರೇ(ಸ) ಎಚ್ಚರಿಸಿದ್ದಾರೆ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವಾದ ಅಲ್ ಬಕರ ಅಧ್ಯಾಯದ 282ನೆಯ ಸೂಕ್ತವು ಸಾಲವನ್ನು ಬರೆದಿಡುವ ಕುರಿತೇ ಇದೆ. ಸಣ್ಣದಿರಲಿ, ದೊಡ್ಡದಿರಲಿ, ಅವಧಿ ಸಹಿತ ಬರೆಯಲು ಬೇಸರಿಸಬಾರದೆಂದು ಅದು ಆದೇಶಿಸುತ್ತದೆ. ಮನುಷ್ಯನು ಮರೆಯುವವನೆಂಬುದು ಅವನ ಸೃಷ್ಟಿಕರ್ತನಿಗೆ ಗೊತ್ತು.

ಈಗ ವಾರಸುದಾರರ ವಿಷಯಕ್ಕೆ ಬರೋಣ. ಒಮ್ಮೆ ಒಬ್ಬರ ಜನಾಝಾ ತಂದಾಗ, ಅವರ ಮೇಲೆ ಎರಡು ದೀನಾರ್ ಸಾಲವಿದೆಯೆಂದು ತಿಳಿದು ಪ್ರವಾದಿಯವರು(ಸ) ನಮಾಝ್ ನಿರ್ವಹಿಸದೆ ಹಿಂದೆ ಸರಿದರು. ಅಬೂ ಕತಾದಾ(ರ) ಆ ಸಾಲದ ಹೊಣೆ ಹೊತ್ತ ಮೇಲೆಯೇ ನಮಾಝ್ ನಡೆಯಿತು. ವಿಷಯ ಅಲ್ಲಿಗೆ ಮುಗಿಯಲಿಲ್ಲ. ಆ ದೀನಾರ್‌ಗಳು ಏನಾದವೆಂದು ಪ್ರವಾದಿಯವರು(ಸ) ಮತ್ತೆ ವಿಚಾರಿಸಿದರು. ಪಾವತಿಯಾಯಿತೆಂದು ತಿಳಿದ ಬಳಿಕವೇ ಆ ಮೃತನ ಚರ್ಮ ಈಗ ತಂಪಾಯಿತೆಂಬ ಅರ್ಥದ ಮಾತನ್ನು ಆಡಿದರು. ತಂದೆಯ ಖಬರ್‌ನ ಬಳಿ ನಿಂತು ದುಆ ಮಾಡುವ ಮಗನು ಈ ಘಟನೆಯನ್ನು ಮರೆಯಲಾರ. ಮುಂದೆ ವಿಜಯಗಳ ಮೂಲಕ ಸಂಪತ್ತು ಬಂದಾಗ, ಸಾಲ ಬಿಟ್ಟು ತೀರಿಕೊಂಡ ನಿರ್ಗತಿಕರ ಸಾಲದ ಹೊಣೆಯನ್ನು ಪ್ರವಾದಿಯವರು(ಸ) ತಾವೇ ವಹಿಸಿಕೊಂಡರು. ಝಕಾತ್‌ನ ಎಂಟು ಪಾಲುಗಳಲ್ಲಿ ಸಾಲದಲ್ಲಿ ಮುಳುಗಿದವರದೂ ಒಂದು. ನಮ್ಮ ಜಮಾಅತ್‌ಗಳು ಈ ಪಾಲನ್ನು ಎಷ್ಟರಮಟ್ಟಿಗೆ ನೆನಪಿಟ್ಟಿವೆ ಎಂಬುದು ಬೇರೆಯೇ ಲೇಖನದ ವಿಷಯ.

ಹಳೆಯ ಲೆಕ್ಕದ ಇತಿಹಾಸದಲ್ಲಿ ಹ. ಝುಬೈರ್ ಬಿನ್ ಅವ್ವಾಮ್(ರ)ರ ಸಾಲದಷ್ಟು ವಿವರವಾಗಿ ದಾಖಲಾದ ಪ್ರಕರಣ ಇನ್ನೊಂದಿಲ್ಲ. ಹಿಜರಿ 36ರಲ್ಲಿ ಜಮಲ್ ಯುದ್ಧದ ದಿನ ಅವರು ಮಗ ಅಬ್ದುಲ್ಲಾರನ್ನು(ರ) ಬಳಿಗೆ ಕರೆದರು. ಇಂದು ತಾನು ಅನ್ಯಾಯವಾಗಿ ಕೊಲ್ಲಲ್ಪಡುವೆನೆಂದು ತೋರುತ್ತಿದೆ, ಆದರೆ ತನ್ನ ಅತಿ ದೊಡ್ಡ ಚಿಂತೆ ಸಾಲದ್ದೆಂದು ಹೇಳಿದರು. ಆಸ್ತಿ ಮಾರಿ ಸಾಲ ತೀರಿಸಲು ವಸಿಯ್ಯತ್ ಮಾಡಿ, ಸಾಧ್ಯವಾಗದಿದ್ದರೆ ತನ್ನ ಒಡೆಯನ ನೆರವು ಕೇಳೆಂದರು. ಯಾವ ಒಡೆಯನೆಂದು ಮಗನಿಗೆ ಅರ್ಥವಾಗಲಿಲ್ಲ. ಅಲ್ಲಾಹನೆಂದು ತಂದೆ ಉತ್ತರಿಸಿದರು.

ಈ ಸಾಲ ಬೆಳೆದ ಬಗೆಯೂ ವಿಶಿಷ್ಟ. ಝುಬೈರ್(ರ) ದುಂದುಗಾರರಾಗಿರಲಿಲ್ಲ. ಜನರು ಅವರ ಬಳಿ ಹಣವನ್ನು ಅಮಾನತ್ತಾಗಿ ಇಡಲು ಬರುತ್ತಿದ್ದರು. ಅಮಾನತ್ತು ಕಳೆದುಹೋದರೆ ಇಟ್ಟವನಿಗೆ ನಷ್ಟ. ಸಾಲವಾದರೆ ಪಡೆದವನು ಹೇಗಿದ್ದರೂ ಮರಳಿಸಲೇಬೇಕು. ಆದ್ದರಿಂದ ಇದನ್ನು ಸಾಲವೆಂದೇ ಪರಿಗಣಿಸೋಣವೆಂದು ಅವರು ಒತ್ತಾಯಿಸುತ್ತಿದ್ದರು. ಹೀಗೆ ಪರರ ರಕ್ಷಣೆಗಾಗಿ ಹೊತ್ತ ಹೊರೆ ಲೆಕ್ಕ ಹಾಕಿದಾಗ 22 ಲಕ್ಷ ತಲುಪಿತ್ತು. ಅವರು ಬಿಟ್ಟುಹೋದುದರಲ್ಲಿ ಒಂದು ದೀನಾರ್ ಆಗಲಿ ದಿರ್ಹಮ್ ಆಗಲಿ ನಗದು ಇರಲಿಲ್ಲ. ಇದ್ದುದು ಗಾಬಾ ಎಂಬಲ್ಲಿಯ ಭೂಮಿ, ಮದೀನಾದಲ್ಲಿ ಹನ್ನೊಂದು ಮನೆಗಳು, ಬಸ್ರಾದಲ್ಲಿ ಎರಡು, ಕೂಫಾ ಮತ್ತು ಈಜಿಪ್ಟಿನಲ್ಲಿ ಒಂದೊಂದು ಮನೆ.

ಹಕೀಮ್ ಬಿನ್ ಹಿಝಾಮ್(ರ) ಎದುರಾಗಿ, ನನ್ನ ಸಹೋದರನ ಸಾಲವೆಷ್ಟೆಂದು ಕೇಳಿದಾಗ ಅಬ್ದುಲ್ಲಾ(ರ) ಬಾಯಿಬಿಟ್ಟು ಹೇಳಲಾರದೆ ಒಂದು ಲಕ್ಷವೆಂದರು. ಅಷ್ಟಕ್ಕೇ ನಿಮ್ಮ ಆಸ್ತಿ ಸಾಲದೆಂದು ಹಕೀಮ್(ರ) ಸಂದೇಹಪಟ್ಟರು. ಅದು 22 ಲಕ್ಷವಾದರೆ ಏನೆನ್ನುವಿರಿ ಎಂದು ಆಗ ಮಗ ಕೇಳಿದರು. ಸಾಲವಿರುವ ಮನೆಯವರ ಸಂಕೋಚ ಆ ಕಾಲದಲ್ಲೂ ಹೀಗೆಯೇ ಇತ್ತು.

ಅಬ್ದುಲ್ಲಾ(ರ) ಹಕ್ಕುದಾರರಿಂದ ಅಡಗಲಿಲ್ಲ. ಝುಬೈರ್‌ರಿಂದ(ರ) ಬರಬೇಕಾದುದಿದ್ದವರು ಗಾಬಾಕ್ಕೆ ಬರಲೆಂದು ಸಾರಿದರು. ತಂದೆ 1,70,000ಕ್ಕೆ ಕೊಂಡಿದ್ದ ಆ ಭೂಮಿ 16 ಲಕ್ಷಕ್ಕೆ ಹೋಯಿತು. ನಾಲ್ಕು ಲಕ್ಷ ಬರಬೇಕಿದ್ದ ಅಬ್ದುಲ್ಲಾ ಬಿನ್ ಜಾಫರ್(ರ) ಬಂದು, ಬೇಕಾದರೆ ಬಿಟ್ಟುಬಿಡುವೆನೆಂದರು. ಮಗ ಒಪ್ಪಲಿಲ್ಲ. ಬೇಕಾದರೆ ಕೊನೆಯಲ್ಲಿ ಕೊಡೆಂದರು. ಅದಕ್ಕೂ ಒಪ್ಪದೆ, ಇಲ್ಲಿಂದ ಇಲ್ಲಿಯವರೆಗೆ ನಿಮ್ಮದೆಂದು ಭೂಮಿಯನ್ನೇ ಅಳೆದುಕೊಟ್ಟರು. ಎಲ್ಲರ ಬಾಕಿ ತೀರಿತು. ಇನ್ನು ನಮ್ಮ ಪಾಲು ಹಂಚೆಂದು ಸಹೋದರರು ಕೇಳಿದರು. ಅಬ್ದುಲ್ಲಾ(ರ) ಆಗಲೂ ಹಂಚಲಿಲ್ಲ. ನಾಲ್ಕು ವರ್ಷಗಳ ಕಾಲ ಹಜ್ಜ್‌ನ ಜನಸಾಗರದಲ್ಲಿ, ಝುಬೈರ್‌ರ(ರ) ಮೇಲೆ ಸಾಲವಿದ್ದವರು ಬಂದು ಪಡೆಯಲೆಂದು ಸಾರಿಸಿದರು. ನಾಡಿನ ಮೂಲೆಮೂಲೆಗಳಿಂದ ಜನ ಸೇರುತ್ತಿದ್ದ ಸ್ಥಳ ಅದೊಂದೇ. ನಾಲ್ಕನೆಯ ವರ್ಷ ಕಳೆದ ಮೇಲೆ ಆಸ್ತಿ ಹಂಚಿಕೆಯಾಯಿತು. ನಾಲ್ವರು ವಿಧವೆಯರಲ್ಲಿ ಪ್ರತಿಯೊಬ್ಬರಿಗೂ 12 ಲಕ್ಷ ಬಂತು. ನಮ್ಮಲ್ಲಿ ನಲವತ್ತನೆಯ ದಿನಕ್ಕೆ ಮೊದಲೇ ಗದ್ದೆಗೆ ಹಗ್ಗ ಹಿಡಿಯುವವರು ಇದನ್ನೊಮ್ಮೆ ಓದಬೇಕು. ಸಾಲ ಮತ್ತು ವಸಿಯ್ಯತ್ ತೀರಿದ ಬಳಿಕವೇ ವಾರಸು ಪಾಲೆಂದು ಅನ್ನಿಸಾ ಅಧ್ಯಾಯದ 11ನೆಯ ಸೂಕ್ತ ಹೇಳುತ್ತದೆ.

ಹಾಗಾದರೆ ಕೇಳಿದ್ದನ್ನೆಲ್ಲ ಕೊಡಬೇಕೇ? ಇಲ್ಲ. ಈ ಮಾತಿಗೆ ದೂರ ಹೋಗಬೇಕಿಲ್ಲ, ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣದ ಚರಿತ್ರೆಯೇ ಸಾಕ್ಷಿ. 1752ರಲ್ಲಿ ಆರ್ಕಾಟಿನ ಮುಹಮ್ಮದ್ ಅಲಿಯು ಸೈನ್ಯದ ನೆರವಿಗೆ ಪ್ರತಿಯಾಗಿ ತಿರುಚಿರಾಪಳ್ಳಿಯನ್ನು ಮೈಸೂರಿಗೆ ಬಿಟ್ಟುಕೊಡುವೆನೆಂದು ಮಾತುಕೊಟ್ಟಿದ್ದ. ಸರ್ವಾಧಿಕಾರಿ ನಂಜರಾಜಯ್ಯ ಅಪಾರ ಹಣ ಸುರಿದ. ಆ ದಂಡಿನಲ್ಲಿ ಹೈದರ್ ಅಲಿಯೂ ಇದ್ದ. ಮಾತು ಉಳಿಯಲಿಲ್ಲ, ಮೈಸೂರಿನವರು ಬರಿಗೈಯಲ್ಲಿ ಮರಳಿದರು. ನಲವತ್ತು ವರ್ಷಗಳ ನಂತರ ಅದೇ ಶ್ರೀರಂಗಪಟ್ಟಣ ಸಾಲಗಾರನ ಜಾಗದಲ್ಲಿ ನಿಂತಿತು. 1792ರ ಒಪ್ಪಂದದಲ್ಲಿ ಟಿಪ್ಪು ಸುಲ್ತಾನರ ಮೇಲೆ ಅರ್ಧ ರಾಜ್ಯದ ಜೊತೆಗೆ 3 ಕೋಟಿ 30 ಲಕ್ಷ ರೂಪಾಯಿ ಹೇರಲಾಯಿತು. ಬಾಕಿ ಕಂತುಗಳಿಗೆ ಒತ್ತೆಯಾಗಿ ಇಬ್ಬರು ಬಾಲಕರು, ಅಬ್ದುಲ್ ಖಾಲಿಕ್ ಮತ್ತು ಮುಯಿಝುದ್ದೀನ್, ಕಾರ್ನ್‌ವಾಲಿಸನ ಡೇರೆಗೆ ಹೋಗಬೇಕಾಯಿತು. ಅವರು ಮರಳಿದ್ದು 1794ರಲ್ಲಿ. ಸಾಲಕ್ಕೆ ಮಕ್ಕಳನ್ನು ಹಿಡಿದಿಡುವ ಈ ವಸೂಲಿಯನ್ನು ಪ್ರವಾದಿಯವರು(ಸ) ಇಟ್ಟ ಅಡವಿನೊಂದಿಗೆ ಹೋಲಿಸಿ ನೋಡಿ. ವಫಾತಿನ ವೇಳೆ ಅವರ ಯುದ್ಧಕವಚ ಮೂವತ್ತು ಸಾಅ್ ಜವೆಗೋಧಿಗಾಗಿ ಒಬ್ಬ ಯಹೂದಿಯ ಬಳಿ ಅಡವಿತ್ತು. ಅಡವಿಟ್ಟಿದ್ದು ವಸ್ತು, ಮನುಷ್ಯರಲ್ಲ.

ಮಾತು ತಪ್ಪಿದ ಆ ಮುಹಮ್ಮದ್ ಅಲಿಯ ಸಾಲಗಳ ಕಥೆ ಇನ್ನೂ ಬೋಧಪ್ರದ. ಆತ 1795ರಲ್ಲಿ ತೀರಿಕೊಂಡ. 1801ರಲ್ಲಿ ಕಂಪನಿ ಆರ್ಕಾಟ್ ರಾಜ್ಯವನ್ನು ವಶಪಡಿಸಿಕೊಂಡಿತು. ಹಳೆಯ ಪತ್ರಗಳನ್ನು ಹಿಡಿದ ಸಾಲದ ಹಕ್ಕುದಾರರು ಸಾಲುಗಟ್ಟಿದರು. 1805ರಲ್ಲಿ ನೇಮಕವಾದ ಕಮಿಷನರುಗಳು ಇಪ್ಪತ್ತೈದು ವರ್ಷ ಪ್ರತಿಯೊಂದು ಪತ್ರವನ್ನೂ ಪರಿಶೀಲಿಸಿದರು. ಕೇಳಿದ ಮೊತ್ತ 3 ಕೋಟಿ ಪೌಂಡಿಗೂ ಹೆಚ್ಚು. ನಿಜವೆಂದು ಒಪ್ಪಿದ್ದು ಅದರ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಸತ್ತವನ ಹೆಸರಿನ ಲೆಕ್ಕಕ್ಕೆ ಸೊನ್ನೆ ಸೇರಿಸುವುದು ಎಷ್ಟು ಸುಲಭವೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಕಾಲ ಕಳೆದರೆ ಸಾಲ ಅಳಿಯುತ್ತದೆಯೇ ಎಂಬುದು ಉಳಿದ ಪ್ರಶ್ನೆ. 1869ರಿಂದ 1876ರವರೆಗೆ ಉಸ್ಮಾನಿಯಾ ಸಾಮ್ರಾಜ್ಯದಲ್ಲಿ ಹನಫಿ ಫಿಕ್‌ಹ್‌ನ ಆಧಾರದಲ್ಲಿ ಸಿದ್ಧವಾದ ಮಜಲ್ಲಾ ಸಂಹಿತೆ ಇದಕ್ಕೆ ಸೂಕ್ಷ್ಮವಾದ ಉತ್ತರ ಕೊಟ್ಟಿದೆ. ಅದರ 1660ನೆಯ ವಿಧಿಯಂತೆ, ಹದಿನೈದು ವರ್ಷ ಸುಮ್ಮನಿದ್ದವನ ಸಾಲದ ದಾವೆಯನ್ನು ನ್ಯಾಯಾಲಯ ಕೇಳುವುದಿಲ್ಲ. ಆದರೆ 1674ನೆಯ ವಿಧಿಯಂತೆ, ಕಾಲ ಕಳೆದ ಮಾತ್ರಕ್ಕೆ ಹಕ್ಕು ನಾಶವಾಗುವುದಿಲ್ಲ. ಪ್ರತಿವಾದಿ ಸ್ವತಃ ಒಪ್ಪಿಕೊಂಡರೆ ಸಾಲ ನಿಲ್ಲುತ್ತದೆ. ನಮ್ಮ ದೇಶದ ಕಾನೂನಿನ ನಿಲುವೂ ಹೆಚ್ಚು ಭಿನ್ನವಲ್ಲ. 1963ರ ಕಾಲಮಿತಿ ಕಾಯ್ದೆಯಂತೆ ಸಾಮಾನ್ಯ ಕೈಸಾಲಕ್ಕೂ ಪ್ರೋನೋಟಿಗೂ ಮೂರು ವರ್ಷ. ಅಡಮಾನದ ಸಾಲಕ್ಕೆ, ಕೋರ್ಟಿನ ಡಿಕ್ರಿಗೆ ಹನ್ನೆರಡು ವರ್ಷ. ಅವಧಿ ಮೀರಿದರೆ ದಾವೆಯ ದಾರಿ ಮುಚ್ಚುತ್ತದೆಯೇ ಹೊರತು ಸಾಲ ಇಲ್ಲವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ ಹಿಂದೆಯೇ ಹೇಳಿದೆ. ಅವಧಿಯೊಳಗೆ ಸಾಲವನ್ನು ಒಪ್ಪಿ ಸಹಿ ಹಾಕಿದರೂ, ಸ್ವಲ್ಪ ಹಣ ಕಟ್ಟಿ ಅದಕ್ಕೆ ಸಹಿಯ ದಾಖಲೆ ಉಳಿದರೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಅವಧಿ ಮೀರಿದ ಸಾಲವನ್ನು ಕೊಡುವೆನೆಂದು ಬರೆದು ಸಹಿ ಮಾಡಿದರೂ ಆ ಬರಹ ಕಟ್ಟುಪಾಡಾಗುತ್ತದೆ. ಬಾಗಿಲಲ್ಲಿ ನಿಂತವನು ಸದ್ಯಕ್ಕೆ ಐನೂರು ಕೊಟ್ಟು ಇಲ್ಲೊಂದು ಸಹಿ ಮಾಡಿ ಎನ್ನುವುದು ಸುಮ್ಮನೆ ಅಲ್ಲ.

ನನ್ನ ಅಭಿಪ್ರಾಯದಲ್ಲಿ ಮುಸ್ಲಿಮನು ಕಾಲಮಿತಿಯನ್ನು ಗುರಾಣಿಯಾಗಿ ಬಳಸಬಹುದು, ಸಾಲವನ್ನು ನುಂಗುವ ನೆಪವಾಗಿ ಬಳಸಬಾರದು. ಮೊದಲು ಮೂಲ ಪತ್ರ, ತಂದೆಯ ಸಹಿ, ಕಟ್ಟಿದ ಕಂತುಗಳ ವಿವರ ಕೇಳಬೇಕು. ಸಾಲ ಕೊಟ್ಟವರು ಬೇರೆ, ವಸೂಲಿಗೆ ಬಂದವರು ಬೇರೆಯಾದರೆ ಅವರಿಗಿರುವ ಅಧಿಕಾರ ಪತ್ರವನ್ನೂ ನೋಡಬೇಕು. ಅದಕ್ಕೆ ಮುಂಚೆ ಸಹಿಯೂ ಬೇಡ, ಹಣವೂ ಬೇಡ. ಸಾಲ ನಿಜವೆಂದು ಮನಸ್ಸಿಗೆ ಖಚಿತವಾದರೆ ಅಸಲು ಸಲ್ಲಲೇಬೇಕು, ಮೂರು ವರ್ಷವಾಗಿರಲಿ, ಮೂವತ್ತಾಗಿರಲಿ. ತಂದೆಯು ಬಿಟ್ಟ ಆಸ್ತಿಯ ಮಿತಿಯವರೆಗೆ ಅದು ವಾರಸುದಾರರ ಮೇಲಿನ ಹೊಣೆ. ಶರೀಅತ್ತೂ ಇದನ್ನೇ ಹೇಳುತ್ತದೆ, ನಮ್ಮ ನ್ಯಾಯಾಲಯಗಳೂ ಇದನ್ನೇ ಹೇಳುತ್ತವೆ. ಅದಕ್ಕೂ ಮೀರಿ ತೀರಿಸುವ ಮಗನದು ತಂದೆಯ ಮೇಲಿನ ಉಪಕಾರ.

ಬಡ್ಡಿಯ ಮಾತು ಬೇರೆ. ಹಿಜರಿ 10ರ ವಿದಾಯ ಹಜ್ಜ್‌ನಲ್ಲಿ ಪ್ರವಾದಿಯವರು(ಸ) ಅಜ್ಞಾನ ಕಾಲದ ಬಡ್ಡಿಯ ಬಾಕಿಗಳನ್ನೆಲ್ಲ ರದ್ದುಗೊಳಿಸಿದಾಗ ಮೊದಲು ಅಳಿಸಿದ್ದು ತಮ್ಮ ಚಿಕ್ಕಪ್ಪ ಅಬ್ಬಾಸ್(ರ)ರಿಗೆ ಬರಬೇಕಿದ್ದ ಬಡ್ಡಿಯನ್ನು. ಅಸಲು ಮಾತ್ರ ಉಳಿಯಿತು. ಇಂದು ಬ್ಯಾಂಕಿನವರೂ ಹಳೆಯ ಬಾಕಿಯಲ್ಲಿ ಒಂದು ಮೊತ್ತಕ್ಕೆ ರಾಜಿಯಾಗುವುದುಂಟು. ಇದಕ್ಕೂ ಮದೀನಾದ ಮಸೀದಿಯಲ್ಲಿ ಮೇಲ್ಪಂಕ್ತಿ ಇದೆ. ಕಅಬ್ ಬಿನ್ ಮಾಲಿಕ್(ರ) ತಮಗೆ ಬರಬೇಕಾದ ಸಾಲವನ್ನು ಇಬ್ನ್ ಅಬೀ ಹದ್ರದ್(ರ)ರಲ್ಲಿ ಕೇಳಿದಾಗ ಇಬ್ಬರ ದನಿ ಏರಿತು. ಪ್ರವಾದಿಯವರು(ಸ) ತಮ್ಮ ಕೋಣೆಯ ಪರದೆ ಸರಿಸಿ, ಅರ್ಧ ಬಿಟ್ಟುಬಿಡೆಂದು ಕಅಬ್‌ರಿಗೆ ಕೈಸನ್ನೆ ಮಾಡಿದರು. ಅವರು ಒಪ್ಪಿದ ಕೂಡಲೇ ಇನ್ನೊಬ್ಬರಿಗೆ, ಎದ್ದು ಉಳಿದುದನ್ನು ತೀರಿಸೆಂದರು. ಹಾಗೆ ರಾಜಿಯಾದರೆ ಹಣ ಕೊಡುವಾಗಲೇ ಬಾಕಿ ಚುಕ್ತಾ ಆಯಿತೆಂಬ ಪತ್ರ ಪಡೆಯುವುದು ಆ ದೀರ್ಘ ಸೂಕ್ತದ ಆದೇಶಕ್ಕೆ ಅನುಗುಣವಾದ ನಡೆ.

ಬೆದರಿಕೆಯನ್ನು ಸಹಿಸಬೇಕಾಗಿಲ್ಲ. ಹಿಂದೆ 1928ರಲ್ಲಿ ಮೈಸೂರು ಸಂಸ್ಥಾನ ಸಾಲದಲ್ಲಿ ಸಿಲುಕಿದ ಬೇಸಾಯಗಾರರಿಗಾಗಿ ಪರಿಹಾರದ ಕಾನೂನು ತಂದಿತ್ತು. 1976ರಲ್ಲಿ ದೇವರಾಜ ಅರಸು ಸರಕಾರ ಋಣ ಪರಿಹಾರ ಕಾಯ್ದೆ ತಂದಿತು. 2025ರ ಫೆಬ್ರವರಿಯಲ್ಲಿ ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳಕ್ಕೆ ಬಡವರು ಊರು ಬಿಡತೊಡಗಿದಾಗ ರಾಜ್ಯ ಸರಕಾರ ಸುಗ್ರೀವಾಜ್ಞೆ ಹೊರಡಿಸಿ, ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗೆ ಸೆರೆ ಮತ್ತು ಐದು ಲಕ್ಷದವರೆಗೆ ದಂಡ ಗೊತ್ತುಪಡಿಸಿತು. ಬ್ಯಾಂಕುಗಳ ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಹೆಂಗಸರು ಮಾತ್ರ ಇರುವ ಮನೆಯ ಮುಂದೆ ಕೂಗಾಡುವವನಿಗೆ ಇದನ್ನು ತಿಳಿಸುವುದು ಸಾಲ ತಪ್ಪಿಸುವ ಉಪಾಯವಲ್ಲ.

ಕೊನೆಗೆ ತದ್ವಿರುದ್ಧವಾದ ಒಂದು ಸನ್ನಿವೇಶವೂ ಇದೆ. ತಂದೆಯ ಪುಸ್ತಕದಲ್ಲಿ ಇಂಥವರಿಗೆ ಇಷ್ಟು ಕೊಡಬೇಕೆಂದು ಬರೆದಿದೆ, ಆದರೆ ಯಾರೂ ಕೇಳಲು ಬರಲಿಲ್ಲ. ಆಗೇನು ಮಾಡಬೇಕು? ಅಬ್ದುಲ್ಲಾ ಬಿನ್ ಮಸ್ಊದ್(ರ) ಒಬ್ಬ ದಾಸಿಯನ್ನು ಖರೀದಿಸಿದ್ದರು. ಮಾರಿದವನು ಬೆಲೆ ಪಡೆಯುವ ಮುನ್ನವೇ ಕಾಣೆಯಾದ. ಅವರು ಒಂದು ವರ್ಷ ಅವನನ್ನು ಹುಡುಕಿದರು. ಸಿಗದೇ ಹೋದಾಗ ಆ ಹಣವನ್ನು ಒಂದೊಂದು, ಎರಡೆರಡು ದಿರ್ಹಮ್‌ಗಳಾಗಿ ಬಡವರಿಗೆ ಅವನ ಹೆಸರಿನಲ್ಲಿ ದಾನ ಮಾಡಿದರು. ಅವನು ಎಂದಾದರೂ ಬಂದು ತನ್ನ ಹಣವನ್ನೇ ಕೇಳಿದರೆ ಈ ದಾನದ ಪುಣ್ಯ ನನಗಿರಲಿ, ಅವನ ಬೆಲೆ ನನ್ನ ಮೇಲಿರಲಿ ಎಂದು ಅಲ್ಲಾಹನಲ್ಲಿ ಹೇಳಿಕೊಂಡರು.