ಏಜಿಯನ್ ಸಮುದ್ರದಾಚೆಗೊಂದು ಮನೆ: ಟರ್ಕಿಯ ಹೂಡಿಕೆದಾರರು ಮತ್ತು ಹೊರದೇಶದ ಕಾಯಂ ವಾಸ

ಟರ್ಕಿಯ ಪಶ್ಚಿಮ ತೀರದ ಚೆಷ್ಮೆ ಪಟ್ಟಣದಲ್ಲಿ ನಿಂತರೆ ಎದುರಿಗೆ ಗ್ರೀಸಿನ ಕಿಯೋಸ್ ದ್ವೀಪ ಬರಿಗಣ್ಣಿಗೇ ಕಾಣುತ್ತದೆ. ದೋಣಿಯಲ್ಲಿ ಹೆಚ್ಚುಕಡಿಮೆ ಅರ್ಧ ತಾಸಿನ ದಾರಿ. ಆದರೂ ಆ ದಡದಲ್ಲಿ ಕಾಲಿಡಲು ಟರ್ಕಿಯ ಸಾಮಾನ್ಯ ಪಾಸ್‌ಪೋರ್ಟ್ ಸಾಲದು, ವೀಸಾ ಬೇಕು. 2024ರಲ್ಲಿ ಕಿಯೋಸ್ ಸೇರಿದಂತೆ ಹತ್ತು ದ್ವೀಪಗಳಿಗೆ ಏಳು ದಿನಗಳ ವೀಸಾವನ್ನು ಬಂದರಿನಲ್ಲೇ ಕೊಡುವ ಏರ್ಪಾಟಾಯಿತು. ಆದರೆ ಅದನ್ನು ಹಿಡಿದು ಅಥೆನ್ಸಿಗೆ ಹೋಗುವಂತಿಲ್ಲ. 2023ರಲ್ಲಿ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾ ಕೋರಿ ಟರ್ಕಿಯಿಂದ ಹತ್ತು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಹೋದವು. ಚೀನಾ ಬಿಟ್ಟರೆ ಅಷ್ಟು ಅರ್ಜಿ ಬೇರೆ ಯಾವ ದೇಶದಿಂದಲೂ ಹೋಗಲಿಲ್ಲ. ಮೂರನೆಯ ಸ್ಥಾನ ಭಾರತದ್ದು, ಆದ್ದರಿಂದ ಆ ಸಾಲಿನಲ್ಲಿ ನಿಲ್ಲುವ ಆಯಾಸ ನಮಗೆ ಹೊಸದೇನಲ್ಲ. ಪ್ರತಿ ಸಲವೂ ಬ್ಯಾಂಕಿನ ಲೆಕ್ಕ ಹಿಡಿದು ನಿಲ್ಲುವ ಈ ಪಾಡು ತಪ್ಪಲಿ ಎಂದು ಹಣವುಳ್ಳವರು ಹಿಡಿದ ದಾರಿಯೇ ಹೂಡಿಕೆ ಮಾಡಿ ವಾಸದ ಪರವಾನಗಿ ಪಡೆಯುವುದು.

ಲಿರಾ ಕರಗಿದ ವರ್ಷಗಳು

ಇದಕ್ಕೆ ವೀಸಾ ಒಂದೇ ಕಾರಣವಲ್ಲ. 2018ರ ಆರಂಭದಲ್ಲಿ ಒಂದು ಡಾಲರಿಗೆ ನಾಲ್ಕು ಲಿರಾ ಕೂಡ ಇರಲಿಲ್ಲ. 2024ರ ಕೊನೆಗೆ ಅದು 35 ದಾಟಿತ್ತು. 2022ರ ಅಕ್ಟೋಬರಿನಲ್ಲಿ ಸರ್ಕಾರಿ ಲೆಕ್ಕದ ಹಣದುಬ್ಬರವೇ ಶೇ. 85 ಮೀರಿತು. ಹೀಗೆ ಉಳಿತಾಯ ಕಣ್ಣೆದುರೇ ಕರಗುವಾಗ ಯೂರೊ ಬೆಲೆಯ ಒಂದು ಮನೆ, ಮಕ್ಕಳಿಗೊಂದು ಆಸರೆ ಎಂಬ ಯೋಚನೆ ಇಸ್ತಾಂಬುಲ್, ಇಜ್ಮಿರ್‌ನ ವ್ಯಾಪಾರಸ್ಥರ ಮನೆಗಳಲ್ಲಿ ಬೇರುಬಿಟ್ಟಿತು. ಇದೇ ಕಾಲದಲ್ಲಿ ಟರ್ಕಿ ತನ್ನ ಪೌರತ್ವವನ್ನು ಹೊರಗಿನವರಿಗೆ ಮಾರುತ್ತಿತ್ತು. 2017ರಲ್ಲಿ ಹತ್ತು ಲಕ್ಷ ಡಾಲರಿನ ಆಸ್ತಿ ಕೊಂಡವರಿಗೆ ಪೌರತ್ವ ಎಂದು ಶುರುವಾಗಿ, 2018ರಲ್ಲಿ ಎರಡೂವರೆ ಲಕ್ಷಕ್ಕೆ ಇಳಿದು, 2022ರ ಜೂನ್‌ನಲ್ಲಿ ನಾಲ್ಕು ಲಕ್ಷಕ್ಕೆ ಏರಿತು.

ಹಣ ಸಾಗಿಸುವ ವಿಷಯದಲ್ಲಿ ಟರ್ಕಿಯವರಿಗೆ ನಮಗಿಂತ ಸಲೀಸು. 1989ರ 32ನೇ ಆದೇಶದ ಪ್ರಕಾರ ಅಲ್ಲಿನ ನಿವಾಸಿಗಳು ಬ್ಯಾಂಕಿನ ಮೂಲಕ ಹೊರದೇಶಕ್ಕೆ ಬಂಡವಾಳ ಕಳಿಸಬಹುದು. ಭಾರತದಲ್ಲಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರಿಗಿಂತ ಹೆಚ್ಚು ಕಳಿಸುವಂತಿಲ್ಲ. ಟರ್ಕಿ ಎರಡು ಪೌರತ್ವಗಳನ್ನೂ ಒಪ್ಪುತ್ತದೆ. ಆದ್ದರಿಂದ ಮುಂದೊಂದು ದಿನ ಹೊರದೇಶದ ಪೌರತ್ವ ಸಿಕ್ಕರೂ ಹುಟ್ಟಿದ ನಾಡಿನದನ್ನು ಬಿಟ್ಟುಕೊಡಬೇಕಿಲ್ಲ.

ಗ್ರೀಸ್: ಮನೆಯ ಮೇಲೆ ನಿಂತ ಪರವಾನಗಿ

ಟರ್ಕಿಯ ಹೂಡಿಕೆದಾರರು ಮೊದಲು ಕೇಳುವ ಹೆಸರು ಗ್ರೀಸಿನ ಗೋಲ್ಡನ್ ವೀಸಾ. ಸಾಲದ ಬಿಕ್ಕಟ್ಟಿನಲ್ಲಿ ಮುಳುಗಿದ್ದ ಗ್ರೀಸ್ 2013ರಲ್ಲಿ ಇದನ್ನು ತಂದಾಗ ಎರಡೂವರೆ ಲಕ್ಷ ಯೂರೊದ ಆಸ್ತಿ ಸಾಕಿತ್ತು. ಹತ್ತು ವರ್ಷದಲ್ಲಿ ಅಥೆನ್ಸಿನ ಬಾಡಿಗೆ ಅಲ್ಲಿನವರ ಕೈಗೇ ಎಟುಕದಂತಾಯಿತು. ಸರ್ಕಾರ ಮೊದಲು 2023ರ ಆಗಸ್ಟ್‌ನಲ್ಲಿ ಕೆಲವು ಕಡೆ ಐದು ಲಕ್ಷಕ್ಕೆ ಏರಿಸಿತು. 2024ರ ಸೆಪ್ಟೆಂಬರ್ 1ರಿಂದ ಅಥೆನ್ಸ್ ಇರುವ ಅಟ್ಟಿಕಾ, ಥೆಸಲೋನಿಕಿ, ಮಿಕೊನೋಸ್, ಸಾಂಟೊರಿನಿ ಮತ್ತು 3,100ಕ್ಕಿಂತ ಹೆಚ್ಚು ಜನರಿರುವ ದ್ವೀಪಗಳಲ್ಲಿ ಎಂಟು ಲಕ್ಷ ಯೂರೊ, ಉಳಿದೆಡೆ ನಾಲ್ಕು ಲಕ್ಷ. ಎರಡೂ ದರಗಳಲ್ಲಿ ಪೂರ್ತಿ ಮೊತ್ತ ಒಂದೇ ಆಸ್ತಿಯ ಮೇಲಿರಬೇಕು, ಅದು ಕನಿಷ್ಠ 120 ಚದರ ಮೀಟರ್ ಇರಬೇಕು. ಹಳೆಯ ಎರಡೂವರೆ ಲಕ್ಷದ ದರ ಈಗಲೂ ಇದೆ. ಆದರೆ ಅದು ವಾಣಿಜ್ಯ ಕಟ್ಟಡವನ್ನು ವಾಸದ ಮನೆಯಾಗಿ ಬದಲಿಸುವವರಿಗೆ ಅಥವಾ ಸಂರಕ್ಷಿತ ಪಟ್ಟಿಯ ಹಳೆಯ ಕಟ್ಟಡವನ್ನು ದುರಸ್ತಿ ಮಾಡುವವರಿಗೆ ಮಾತ್ರ.

ಹೀಗೆ ಕೊಂಡ ಮನೆಯನ್ನು ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟರೆ ಪರವಾನಗಿ ರದ್ದಾಗುತ್ತದೆ, ಮೇಲೆ 50,000 ಯೂರೊ ದಂಡ. ಈ ನಿಯಮ ಸರಿಯಾದದ್ದೇ. ಹೊರಗಿನವರ ಹಣ ಬಂದು ಊರಿನವರು ಬೀದಿಗೆ ಬೀಳುವಂತಾದರೆ ಆ ಹಣದಿಂದ ಊರಿಗೇನು ಲಾಭ?

ಟರ್ಕಿಯವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಗ್ರೀಸಿನ 1990ರ ಕಾನೂನೊಂದು ಗಡಿ ಪ್ರದೇಶಗಳಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರು ಆಸ್ತಿ ಕೊಳ್ಳಲು ವಿಶೇಷ ಅನುಮತಿ ಬೇಕೆನ್ನುತ್ತದೆ. ಪೂರ್ವ ಏಜಿಯನ್ ದ್ವೀಪಗಳು, ರೋಡ್ಸ್, ಕೋಸ್ ಇರುವ ಡೊಡೆಕನೀಸ್, ಟರ್ಕಿಗೆ ಅಂಟಿಕೊಂಡ ಎವ್ರೋಸ್ ಎಲ್ಲವೂ ಅದರೊಳಗೇ ಬರುತ್ತವೆ. ಎರಡು ದೇಶಗಳ ನಡುವಿನ ಹಳೆಯ ಅಪನಂಬಿಕೆ ಗೊತ್ತಿದ್ದವರಿಗೆ ಆ ಅನುಮತಿ ಎಷ್ಟು ಕಷ್ಟವೆಂದು ಹೇಳಬೇಕಿಲ್ಲ. ಚೆಷ್ಮೆಯ ದಡದಿಂದ ಕಾಣುವ ಕಿಯೋಸ್‌ನಲ್ಲಿ ಮನೆ ಸುಲಭಕ್ಕೆ ದಕ್ಕುವುದಿಲ್ಲ, ದೂರದ ಅಥೆನ್ಸಿನಲ್ಲಿ ದಕ್ಕುತ್ತದೆ. ಅಥೆನ್ಸಿನಲ್ಲಿ ನೆಯಾ ಸ್ಮಿರ್ನಿ ಎಂಬ ಬಡಾವಣೆಯಿದೆ. ಸ್ಮಿರ್ನಾ ಎಂದರೆ ಇಂದಿನ ಇಜ್ಮಿರ್. 1922ರಲ್ಲಿ ಆ ಊರನ್ನು ಕಳೆದುಕೊಂಡು ಓಡಿಬಂದ ಗ್ರೀಕರು ಹೊಸ ನೆಲೆಗೂ ಅದೇ ಹೆಸರಿಟ್ಟುಕೊಂಡರು. ಮರುವರ್ಷದ ಲೊಸಾನ್ ಒಪ್ಪಂದದಲ್ಲಿ ಎರಡೂ ಕಡೆಯ ಲಕ್ಷಾಂತರ ಜನರನ್ನು ಧರ್ಮದ ಲೆಕ್ಕದಲ್ಲಿ ಅದಲುಬದಲು ಮಾಡಲಾಯಿತು. ಅಂದು ಮನೆಬಿಟ್ಟವರ ಊರಿನಿಂದ ಇಂದು ಮನೆ ಹುಡುಕಿಕೊಂಡು ಜನ ಬರುತ್ತಿದ್ದಾರೆ ಎಂಬುದನ್ನು ನೆನೆದಾಗ ನನಗೆ ಮನಸ್ಸು ಭಾರವಾಗುತ್ತದೆ.

ಹೆಸರಿಗೆ ಗ್ರೀಸಿನ ಈ ಗೋಲ್ಡನ್ ವೀಸಾ ‘ಹೂಡಿಕೆದಾರರ ಕಾಯಂ ವಾಸದ ಪರವಾನಗಿ’. ಅವಧಿ ಐದು ವರ್ಷ, ಆಸ್ತಿ ಕೈಯಲ್ಲಿರುವ ತನಕ ನವೀಕರಣ. ಮನೆ ಮಾರಿದರೆ ಕಾಯಂ ಎಂಬ ಮಾತೂ ಅದರೊಂದಿಗೇ ಹೋಗುತ್ತದೆ. ಇಷ್ಟು ದಿನ ಅಲ್ಲೇ ಇರಬೇಕೆಂಬ ಕಡ್ಡಾಯವಿಲ್ಲ, ಸಂಬಳಕ್ಕೆ ದುಡಿಯುವ ಹಕ್ಕೂ ಇಲ್ಲ. ಬೇರೆ ಷೆಂಗೆನ್ ದೇಶಗಳಲ್ಲಿ 180 ದಿನಗಳಲ್ಲಿ 90 ದಿನ ಓಡಾಡಬಹುದು. ಪೌರತ್ವ ಬೇಕೆನ್ನುವವರು ಏಳು ವರ್ಷ ನಿಜವಾಗಿ ಅಲ್ಲಿ ಬಾಳಿ, ಗ್ರೀಕ್ ಕಲಿತು ಪರೀಕ್ಷೆ ಪಾಸಾಗಬೇಕು.

ಕಾಗದಪತ್ರದ ಕಷ್ಟ

ಗ್ರೀಸಿನಲ್ಲಿ ಮೊದಲು ತೆರಿಗೆ ಸಂಖ್ಯೆ, ಆಮೇಲೆ ವಕೀಲರಿಂದ ಆಸ್ತಿಯ ಋಣಭಾರ ಪರಿಶೀಲನೆ, ನೋಟರಿಯ ಮುಂದೆ ಕ್ರಯಪತ್ರ, ಬ್ಯಾಂಕಿನ ಮೂಲಕ ಹಣ, ನೋಂದಣಿ. ಆರೋಗ್ಯ ವಿಮೆ ಮತ್ತು ಬೆರಳಚ್ಚು ಕೊನೆಗೆ. ಟರ್ಕಿಯಿಂದ ತರುವ ಕುಟುಂಬ ನೋಂದಣಿಯ ನಕಲಿಗೆ, ಹೊರದೇಶದಲ್ಲೂ ಅದನ್ನು ಮಾನ್ಯವಾಗಿಸುವ ಅಪೊಸ್ಟೀಲ್ ಮುದ್ರೆ ಬೇಕು. ಆಸ್ತಿ ವರ್ಗಾವಣೆ ತೆರಿಗೆ ಶೇ. 3ರ ಆಸುಪಾಸು.

ಹಲವರು ಮುಗ್ಗರಿಸುವುದು ಹಣದ ಮೂಲ ತೋರಿಸುವಲ್ಲಿ. ಟರ್ಕಿಯಲ್ಲಿ ಆಸ್ತಿಪತ್ರಕ್ಕೆ ತಾಪು ಎನ್ನುತ್ತಾರೆ. ಅದರ ಶುಲ್ಕ ಮಾರಾಟದ ಬೆಲೆಯ ಶೇ. 4. ಅದನ್ನು ಉಳಿಸಲು ಪತ್ರದಲ್ಲಿ ಕಡಿಮೆ ಮೊತ್ತ ಬರೆಸಿ ಉಳಿದದ್ದನ್ನು ಕೈಯಿಂದ ಕೈಗೆ ದಾಟಿಸುವುದು ಅಲ್ಲಿ ಬಹುಕಾಲದ ರೂಢಿ. ಕರ್ನಾಟಕದಲ್ಲಿ ನಿವೇಶನ ಮಾರಿದವರಿಗೂ ಈ ರೂಢಿ ಅಪರಿಚಿತವಲ್ಲ. ಹತ್ತು ವರ್ಷದ ಹಿಂದೆ ಉಳಿಸಿದ ಆ ಶುಲ್ಕವೇ ಇಂದು ಕಂಟಕವಾಗುತ್ತದೆ. ಪತ್ರದಲ್ಲಿಲ್ಲದ ಹಣವನ್ನು ನ್ಯಾಯವಾಗಿ ಗಳಿಸಿದ್ದೆಂದು ಸಾಬೀತು ಮಾಡುವುದು ಹೇಗೆ? ಈ ಪ್ರಶ್ನೆಯನ್ನು ಅತಿ ಕಟ್ಟುನಿಟ್ಟಾಗಿ ಕೇಳುವ ದೇಶಗಳಲ್ಲಿ ಅಮೆರಿಕವೂ ಒಂದು.

ಅಮೆರಿಕದ ಎರಡು ಬಾಗಿಲು

ಮೊದಲನೆಯದು ಹೂಡಿಕೆದಾರರಿಗೆ ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಹಕ್ಕು ಕೊಡುವ ಇಬಿ-5 ಯೋಜನೆ. ಇದು 1990ರದ್ದು. 2022ರ ಮಾರ್ಚ್‌ನ ಸುಧಾರಣೆಯ ನಂತರ ಗ್ರಾಮೀಣ ಅಥವಾ ನಿರುದ್ಯೋಗ ಹೆಚ್ಚಿರುವ ಪ್ರದೇಶಗಳಲ್ಲಿ ಎಂಟು ಲಕ್ಷ ಡಾಲರ್, ಉಳಿದೆಡೆ ಹತ್ತೂವರೆ ಲಕ್ಷ ಡಾಲರ್ ಹೂಡಿ, ಹತ್ತು ಪೂರ್ಣಾವಧಿ ಉದ್ಯೋಗ ಸೃಷ್ಟಿಸಬೇಕು. ಮೊದಲು ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಉದ್ಯೋಗಗಳು ಸೃಷ್ಟಿಯಾದವೆಂದು ತೋರಿಸಿದ ಮೇಲೆ ಷರತ್ತು ತೆಗೆಯುತ್ತಾರೆ. ಒಂದು ದೇಶಕ್ಕೆ ವರ್ಷಕ್ಕೆ ಶೇ. 7ರ ಮಿತಿ ಇರುವುದರಿಂದ ಚೀನಾ ಮತ್ತು ಭಾರತದವರು ಸಾಮಾನ್ಯ ವಿಭಾಗದಲ್ಲಿ ವರ್ಷಗಟ್ಟಲೆ ಕಾದಿದ್ದಾರೆ. ಟರ್ಕಿಯವರಿಗೆ ಆ ಸಾಲಿಲ್ಲ.

ಎರಡನೆಯದು ಇ-2 ವೀಸಾ. 1990ರಿಂದ ಜಾರಿಯಲ್ಲಿರುವ ಒಪ್ಪಂದದಿಂದಾಗಿ ಟರ್ಕಿಯವರಿಗೆ ಇದು ಸಿಗುತ್ತದೆ, ಅಂಥ ಒಪ್ಪಂದವಿಲ್ಲದ ಭಾರತೀಯರಿಗೆ ಸಿಗುವುದಿಲ್ಲ. ನಿಗದಿತ ಮೊತ್ತವಿಲ್ಲ, ವ್ಯವಹಾರಕ್ಕೆ ತಕ್ಕಷ್ಟು ಹೂಡಿ ತಾವೇ ನಿಂತು ನಡೆಸಬೇಕು. ಒಂದು ಎಚ್ಚರಿಕೆ: ಇದು ಕಾಯಂ ವಾಸವಲ್ಲ. ವ್ಯಾಪಾರ ನಡೆಯುವ ತನಕ ನವೀಕರಣವಾಗುತ್ತದೆ, ಆದರೆ ತಾನಾಗಿ ಗ್ರೀನ್ ಕಾರ್ಡ್ ಆಗುವುದಿಲ್ಲ. ಅಂಗಡಿ ತೆರೆದರೆ ಗ್ರೀನ್ ಕಾರ್ಡ್ ಎಂದು ನಂಬಿಸುವ ದಲ್ಲಾಳಿಗಳ ಮಾತಿಗೆ ಮರುಳಾಗಬಾರದು.

ಅಂಕಾರಾ ಒಪ್ಪಂದದ ದಾರಿ

ನನ್ನ ಮಟ್ಟಿಗೆ ಇಡೀ ವಿಷಯದ ಅತ್ಯುತ್ತಮ ಅಧ್ಯಾಯ ಈಗ ಮುಚ್ಚಿಹೋಗಿರುವ ಬ್ರಿಟನ್ನಿನ ದಾರಿ. ಟರ್ಕಿ ಮತ್ತು ಇಂದಿನ ಯುರೋಪಿಯನ್ ಒಕ್ಕೂಟದ ಪೂರ್ವರೂಪವಾದ ಯುರೋಪಿಯನ್ ಆರ್ಥಿಕ ಸಮುದಾಯ 1963ರ ಸೆಪ್ಟೆಂಬರ್ 12ರಂದು ಅಂಕಾರಾದಲ್ಲಿ ಒಪ್ಪಂದ ಮಾಡಿಕೊಂಡವು. 1970ರ ಪೂರಕ ಒಪ್ಪಂದದ 41ನೇ ವಿಧಿ, ಸ್ವಂತ ಉದ್ಯೋಗಕ್ಕೆ ಬರುವ ಟರ್ಕಿಯವರ ಮೇಲೆ ಹೊಸ ನಿರ್ಬಂಧ ಹೇರಬಾರದು ಎಂದಿತು. ಬ್ರಿಟನ್ 1973ರಲ್ಲಿ ಆ ಸಮುದಾಯ ಸೇರಿದ್ದರಿಂದ, ದಶಕಗಳ ನಂತರ ಬಂದ ಟರ್ಕಿಯವರ ಅರ್ಜಿಯನ್ನೂ 1973ರ ನಿಯಮದಲ್ಲೇ ನೋಡಬೇಕಾಯಿತು. ಯುರೋಪಿನ ನ್ಯಾಯಾಲಯ 2000ದ ಸವಾಸ್ ಪ್ರಕರಣದಲ್ಲಿ ಇದಕ್ಕೆ ಬಲ ಕೊಟ್ಟಿತು.

ಫಲವಾಗಿ ಇಂತಿಷ್ಟೇ ಬಂಡವಾಳ ಎಂಬ ಗೆರೆ ಇರಲಿಲ್ಲ. ಕ್ಷೌರದಂಗಡಿ, ಅನುವಾದದ ಕೆಲಸ, ಸಾಫ್ಟ್‌ವೇರ್ ಸೇವೆ, ಏನೇ ಇರಲಿ, ಕಸುಬು ಗೊತ್ತಿದ್ದು ಅದನ್ನು ನಡೆಸುವಷ್ಟು ಹಣವಿದ್ದರೆ ಅರ್ಜಿ ಹಾಕಬಹುದಿತ್ತು. ಒಂದು ವರ್ಷ, ಆಮೇಲೆ ಮೂರು ವರ್ಷ, ಒಟ್ಟು ನಾಲ್ಕು ವರ್ಷ ದುಡಿದವರಿಗೆ ಕಾಯಂ ವಾಸ. 2018ರಲ್ಲಿ ಅದನ್ನು ಐದು ವರ್ಷಕ್ಕೆ ಏರಿಸಿದರು, ನಡುದಾರಿಯಲ್ಲಿದ್ದ ಎಷ್ಟೋ ಕುಟುಂಬಗಳ ಲೆಕ್ಕಾಚಾರ ತಲೆಕೆಳಗಾಯಿತು. ಬ್ರೆಕ್ಸಿಟ್‌ನೊಂದಿಗೆ 2020ರ ಡಿಸೆಂಬರ್ 31ಕ್ಕೆ ಹೊಸಬರಿಗೆ ಬಾಗಿಲು ಮುಚ್ಚಿತು. ಇಲ್ಲಿ ವಾಸದ ಹಕ್ಕು ಆಸ್ತಿಪತ್ರದ ಮೇಲೆ ನಿಂತಿರಲಿಲ್ಲ, ವರ್ಷಗಟ್ಟಲೆ ದುಡಿದ ದುಡಿಮೆಯ ಮೇಲೆ ನಿಂತಿತ್ತು. ಹೂಡಿಕೆ ಎಂಬ ಪದಕ್ಕೆ ನಾನು ಒಪ್ಪುವ ಅರ್ಥ ಅದೇ.

ಮುಚ್ಚಿದ ಬಾಗಿಲುಗಳು

ಶ್ರೀಮಂತ ಹೂಡಿಕೆದಾರರ ವೀಸಾವನ್ನು ಬ್ರಿಟನ್ 2022ರ ಫೆಬ್ರವರಿಯಲ್ಲಿ ನಿಲ್ಲಿಸಿತು, ಐರ್ಲೆಂಡ್ 2023ರ ಫೆಬ್ರವರಿಯಲ್ಲಿ. ಪೋರ್ಚುಗಲ್ 2023ರ ಅಕ್ಟೋಬರಿನಲ್ಲಿ ಮನೆ ಕೊಳ್ಳುವ ದಾರಿಯನ್ನು ತೆಗೆದುಹಾಕಿ, ಐದು ಲಕ್ಷ ಯೂರೊದ ನಿಧಿಗಳಂಥ ಹೂಡಿಕೆಗಳನ್ನು ಉಳಿಸಿಕೊಂಡಿತು. ಸ್ಪೇನ್ 2025ರ ಏಪ್ರಿಲ್ 3ರಂದು ಯೋಜನೆಯನ್ನೇ ಕೊನೆಗೊಳಿಸಿತು. ಗ್ರೀಸ್ 2024ರಲ್ಲಿ ದರ ಏರಿಸುವಾಗ, ಆಗಸ್ಟ್ 31ರೊಳಗೆ ಶೇ. 10 ಮುಂಗಡ ಕೊಟ್ಟವರಿಗೆ ವರ್ಷಾಂತ್ಯದವರೆಗೆ ಹಳೆಯ ದರದಲ್ಲೇ ವ್ಯವಹಾರ ಮುಗಿಸಲು ಬಿಟ್ಟಿತು. ಕೊನೆಯ ದಿನದ ತನಕ ಕಾದು ಕೂತವರಿಗೆ ಅದೇ ಅಥೆನ್ಸಿನ ಅದೇ ಬೀದಿಯಲ್ಲಿ ಪರವಾನಗಿಯ ಬೆಲೆ ಲಕ್ಷಗಟ್ಟಲೆ ಯೂರೊ ಏರಿತು.