ಮಾಯಾ ಸಾಮ್ರಾಜ್ಯ ಮತ್ತು ಮರೆತ ಮಹಾಕಥೆ



ಮಾಂತ್ರಿಕರು, ದೈತ್ಯರು, ಪರಿಗಳು ತುಂಬಿದ ಕಥೆ ಎಂದೊಡನೆ ಇಂದಿನ ವಿದ್ಯಾರ್ಥಿಗಳಿಗೆ ಇಂಗ್ಲಿಷಿನ ಹ್ಯಾರಿ ಪಾಟರ್ ನೆನಪಾಗುತ್ತಾನೆ. ಅದಕ್ಕಿಂತ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಉರ್ದುವಿನಲ್ಲಿ 'ತಿಲಿಸ್ಮ್-ಎ-ಹೋಶ್‌ರುಬಾ' ಎಂಬ ಬೃಹತ್ ಕೃತಿ ಅಚ್ಚಾಗಿತ್ತು. ಉರ್ದು ಮನೆಮಾತಾಗಿರುವ ನಮ್ಮಲ್ಲಿಯೇ ಎಷ್ಟು ಮಂದಿಗೆ ಇದು ಗೊತ್ತಿದೆ?

ತಿಲಿಸ್ಮ್ ಎಂದರೆ ಮಾಯೆಯಿಂದ ಕಟ್ಟಿದ ಲೋಕ. ಹೋಶ್‌ರುಬಾ ಎಂದರೆ ಪ್ರಜ್ಞೆಯನ್ನೇ ಕದಿಯುವಂಥದ್ದು. ಇದು 'ದಾಸ್ತಾನ್-ಎ-ಅಮೀರ್ ಹಂಝಾ' ಎಂಬ ಕಥಾಸರಣಿಯ ಒಂದು ಭಾಗ. ಲಖನೌದಲ್ಲಿ ಮುನ್ಷಿ ನವಲ್ ಕಿಶೋರರ ಮುದ್ರಣಾಲಯವು 1883ರಿಂದ ಇದನ್ನು ಪ್ರಕಟಿಸತೊಡಗಿತು. ಮೊದಲ 4 ಸಂಪುಟಗಳನ್ನು ಮುಹಮ್ಮದ್ ಹುಸೇನ್ ಜಾಹ್, ಉಳಿದವನ್ನು ಅಹ್ಮದ್ ಹುಸೇನ್ ಖಮರ್ ಬರೆದರು. ಇಬ್ಬರೂ ಸಭೆಗಳಲ್ಲಿ ಕಥೆ ಹೇಳುತ್ತಿದ್ದ ದಾಸ್ತಾನ್‌ಗೋಗಳು. ಇಡೀ ಸರಣಿ 46 ಸಂಪುಟಗಳಷ್ಟು ಬೆಳೆಯಿತು. ಬರೆದವರು ಮುಸ್ಲಿಮರು, ಹಣ ಹೂಡಿ ಅಚ್ಚು ಹಾಕಿಸಿದವರು ಹಿಂದೂ. ಉರ್ದು ಯಾರೊಬ್ಬರ ಸೊತ್ತೂ ಆಗಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಇಲ್ಲೊಂದು ಮಾತು ಸ್ಪಷ್ಟವಿರಲಿ. ಕ್ರಿ.ಶ. 625ರಲ್ಲಿ ಉಹುದ್ ರಣರಂಗದಲ್ಲಿ ಹುತಾತ್ಮರಾದ ಹಝ್ರತ್ ಹಂಝಾ (ರ.ಅ.) ಇತಿಹಾಸ ಪುರುಷರು. ದಾಸ್ತಾನಿನ ಅಮೀರ್ ಹಂಝಾ ಅವರ ಹೆಸರಿನ ಸುತ್ತ ಶತಮಾನಗಳ ಕಾಲ ಹೆಣೆದ ಕಲ್ಪನೆ. ಕಥೆಯನ್ನು ಕಥೆಯಾಗಿ, ಇತಿಹಾಸವನ್ನು ಇತಿಹಾಸವಾಗಿ ಓದಬೇಕು.

ಹೋಶ್‌ರುಬಾದ ಒಡೆಯ ಅಫ್ರಾಸಿಯಾಬ್, ಮಾಂತ್ರಿಕರ ಸಾಮ್ರಾಟ. ಜಗತ್ತಿನ ಸಮಾಚಾರವೆಲ್ಲ ತಿಳಿಸುವ 'ಸಾಮಿರಿಯ ಪುಸ್ತಕ' ಅವನ ಕೈಯಲ್ಲಿದೆ. ಎದುರು ನಿಲ್ಲುವವನು ಹಂಝಾನ ಮೊಮ್ಮಗ ಅಸದ್. ಅವನ ಬೆಂಬಲಕ್ಕೆ ಅಮರ್ ಅಯ್ಯಾರ್ ಇದ್ದಾನೆ. ವೇಷ ಮರೆಸುವುದರಲ್ಲಿ, ಓಡುವುದರಲ್ಲಿ, ಉಪಾಯದಲ್ಲಿ ಅಮರನಿಗೆ ಸಾಟಿಯಿಲ್ಲ. ಏನು ಹಾಕಿದರೂ ತುಂಬದ ಝಂಬೀಲ್ ಎಂಬ ಚೀಲ ಅವನ ಹೆಗಲಲ್ಲಿ!

ಆದರೆ ಸಾಮ್ರಾಟನಿಗೆ ದೊಡ್ಡ ಪೆಟ್ಟು ಬೀಳುವುದು ಹೊರಗಿನಿಂದಲ್ಲ. ಅವನದೇ ರಾಜ್ಯದ ಮಾಂತ್ರಿಕರು ಒಬ್ಬೊಬ್ಬರಾಗಿ ಅವನನ್ನು ತೊರೆಯುತ್ತಾರೆ. ಮಹ್ರುಖ್ ಬಂಡೇಳುತ್ತಾಳೆ, ಪಟ್ಟದರಾಣಿ ಹೈರತಳ ಸೋದರಿ ಬಹಾರಳೂ ಎದುರು ಪಾಳಯ ಸೇರುತ್ತಾಳೆ. ಎಲ್ಲವನ್ನೂ ತಿಳಿಸುವ ಪುಸ್ತಕವಿದ್ದೂ ತನ್ನವರನ್ನು ಉಳಿಸಿಕೊಳ್ಳಲಾರದ ಅರಸ ಕೊನೆಗೆ ಅಳಿಯುತ್ತಾನೆ. ಮಾಹಿತಿ ಬೇರೆ, ವಿವೇಕ ಬೇರೆ. ಅಧಿಕಾರ ನಿಲ್ಲುವುದು ಭಯದಿಂದಲ್ಲ, ಜನರ ವಿಶ್ವಾಸದಿಂದ. 1858ರಲ್ಲಿ ತಮ್ಮ ನಗರದ ಪತನ ಕಂಡ ಲಖನೌದ ಜನರಿಗೆ ರಾಜ್ಯಗಳು ಹೇಗೆ ಅಳಿಯುತ್ತವೆಂದು ಬೇರೆ ಹೇಳಬೇಕಿರಲಿಲ್ಲ.

ಬಾಲಕ ಪ್ರೇಮಚಂದ್ ಗೋರಖಪುರದಲ್ಲಿ ಈ ಕೃತಿಯನ್ನು ಆಸೆಯಿಂದ ಓದಿದ್ದರು. ಅದೇ ಕಾಲಕ್ಕೆ ಹೊಸ ವಿದ್ಯಾಭ್ಯಾಸ ಪಡೆದವರು ದಾಸ್ತಾನನ್ನು ಕಾಲಹರಣವೆಂದು ತಳ್ಳಿದರು. ಕಾದಂಬರಿ ಬಂತು, ಸಿನಿಮಾ ಬಂತು, ಕೇಳುಗರು ಚದುರಿದರು. ದೆಹಲಿಯ ಕೊನೆಯ ಪ್ರಸಿದ್ಧ ದಾಸ್ತಾನ್‌ಗೋ ಮೀರ್ ಬಾಖರ್ ಅಲಿ 1928ರಲ್ಲಿ ಬಡತನದಲ್ಲೇ ತೀರಿಕೊಂಡರು. ಅವರೊಂದಿಗೆ ಆ ಕಲೆಯೂ ಮೌನವಾಯಿತು.

ಮೌನ ಮುರಿದದ್ದು ಓದಿನಿಂದ. ವಿಮರ್ಶಕ ಶಮ್ಸುರ್ರಹ್ಮಾನ್ ಫಾರೂಖಿ (1935-2020) ಅಲ್ಲಲ್ಲಿ ಚದುರಿದ್ದ ಸಂಪುಟಗಳನ್ನು ಹುಡುಕಿ ಕೂಡಿಸಿ, ಓದಿ, ಅವುಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದರು. ಅವರ ಮಾರ್ಗದರ್ಶನದಲ್ಲಿ ಮಹಮೂದ್ ಫಾರೂಖಿ 2005ರಲ್ಲಿ ದಾಸ್ತಾನ್‌ಗೋಯಿಯನ್ನು ಮತ್ತೆ ವೇದಿಕೆಗೆ ತಂದರು.

ವಿದ್ಯಾರ್ಥಿ ಮಿತ್ರರೇ, ಯಾರೂ ನಮ್ಮ ಗ್ರಂಥಗಳನ್ನು ಕಸಿದುಕೊಳ್ಳಲಿಲ್ಲ. ನಾವೇ ಓದುವುದನ್ನು ಬಿಟ್ಟೆವು. ಮನೆಯ ಹಿರಿಯರಿಗೆ ಉರ್ದು ಓದಲು ಬರುತ್ತಿದ್ದರೆ ಇಂದೇ ಅವರ ಬಳಿ ಕುಳಿತು ಅಲಿಫ್‌ನಿಂದ ಆರಂಭಿಸಿ. ಹ್ಯಾರಿ ಪಾಟರನ್ನೂ ಓದಿ, ಬೇಡವೆನ್ನುವುದಿಲ್ಲ. ಆದರೆ ಅಮರ್ ಅಯ್ಯಾರನ ಚೀಲದೊಳಗೆ ಏನಿದೆಯೆಂದು ಒಮ್ಮೆ ಇಣುಕಿ ನೋಡಿ.